ನಾಗರತ್ನಳ ಧ್ವನಿಯಲ್ಲಿ ನಾನು ಎತ್ತಿದ ಕರೆ

ಆ ಪರದೇಶದ ಅಜ್ಜಿಯ ಗುಟ್ಟನ್ನು ಕಚೇರಿಯಿಂದ ಹೊರಗೆ ತಂದ ಮೂರ್ಖ ನಾನು. ನಾಗರತ್ನ ಅಲ್ಲ. ಹೊಳಲ್ಕೆರೆ ಕಡೆ ಯಾರಾದರೂ ಇನ್ನೂ ಅವಳನ್ನು ಕಳ್ಳಿ ಎನ್ನುತ್ತಿದ್ದರೆ, ಆ ಮಾತು ನನಗೆ ಸೇರಬೇಕಾದದ್ದು.

ಚಿತ್ರದುರ್ಗದ ಬಸ್ ನಿಲ್ದಾಣದ ಹತ್ತಿರ, ಬಟ್ಟೆ ಅಂಗಡಿಯೊಂದರ ಮಹಡಿಯ ಮೇಲೆ ಆಗ ಒಂದು ಕಾಲ್ ಸೆಂಟರ್ ಇತ್ತು. ಇಂಗ್ಲೆಂಡಿನ ಬ್ಯಾಂಕಿಗೆ ಅಲ್ಲಿನವರು ಫೋನ್ ಮಾಡಿದರೆ ಅದು ಇಲ್ಲಿ ಬಂದು ರಿಂಗಾಗುತ್ತಿತ್ತು. ಫೋನಿನಲ್ಲಿ ಎಲ್ಲರಿಗೂ ಇಂಗ್ಲಿಷ್ ಹೆಸರು: ಮಂಜನಾದ ನಾನು ಪೀಟರ್, ಹೊಳಲ್ಕೆರೆ ಕಡೆಯ ಬಿ.ದುರ್ಗದಿಂದ ಬರುತ್ತಿದ್ದ ನಾಗರತ್ನ ನ್ಯಾನ್ಸಿ. ಮೊಬೈಲು, ಪೆನ್ನು, ಚೂರು ಕಾಗದ ಕೂಡ ಬಾಗಿಲಲ್ಲೇ ಬಿಟ್ಟು ಒಳಗೆ ಹೋಗಬೇಕು. ಹೊರಬರುವಾಗ ವಾಚ್‌ಮನ್ ತಿಪ್ಪೇಸ್ವಾಮಣ್ಣ ಜೇಬು ತಡವುತ್ತಿದ್ದ. ನಾನು ಬಾಯಿ ಅಗಲಿಸಿ ತೋರಿಸುತ್ತಿದ್ದೆ — "ಇಲ್ಲೇನಾದ್ರೂ ಐತಾ ನೋಡಣ್ಣ!"

"ಮುಚ್ಚಲೇ, ಬರೀ ಹಲ್ಲು ಅವೆ."

ಬರೀ ಹಲ್ಲಿದ್ದಿದ್ದರೆ ಎಷ್ಟು ಚೆನ್ನಾಗಿತ್ತು.

ಒಮ್ಮೆ ಕೇಳಿದ ಧ್ವನಿ ನನ್ನ ಗಂಟಲಿಗೆ ಇಳಿದುಬಿಡುತ್ತಿತ್ತು. ಮ್ಯಾನೇಜರ್, ತಿಪ್ಪೇಸ್ವಾಮಣ್ಣ, ಗೊರಕೆ ಹೊಡೆಯುವ ನಮ್ಮಪ್ಪ — ಎಲ್ಲರನ್ನೂ ಅಣಕಿಸುತ್ತಿದ್ದೆ. ನನ್ನ ಸ್ವಂತ ಧ್ವನಿಯನ್ನು ಮಾತ್ರ ಯಾರೂ ಸರಿಯಾಗಿ ಕೇಳಿದ ಹಾಗಿರಲಿಲ್ಲ.

ಊರಿನ ಕೊನೆಯ ಬಸ್ಸು ಹಿಡಿಯಬೇಕಾದವರು ಪಾಳಿ ಮುಗಿಯುವ ಮೊದಲೇ ಮೆಲ್ಲಗೆ ಜಾರುತ್ತಿದ್ದರು. ಚಿತ್ರದುರ್ಗದಲ್ಲೇ ಮನೆಯಿದ್ದ ನಾವು ಅವರ ಕುರ್ಚಿಯಲ್ಲಿ ಕೂತು, ಅವರ ಹೆಸರಿನಲ್ಲೇ ಕರೆ ಎತ್ತುತ್ತಿದ್ದೆವು. ಇದು ನಮ್ಮೊಳಗಿನ ಒಪ್ಪಂದ. ನಾನು ನಾಗರತ್ನಳ ಕುರ್ಚಿಯಲ್ಲಿ ಕೂತು ಅವಳ ಧ್ವನಿಯಲ್ಲೇ ಮಾತಾಡುತ್ತಿದ್ದೆ. ಕರೆಗಳು ರೆಕಾರ್ಡಾಗುತ್ತವೆ, ಅವಳು ಸಿಕ್ಕಿಬೀಳದಿರಲಿ ಎಂದು — ಅಲ್ಲ, ಸುಳ್ಳು. ಪಕ್ಕದವರು ನಗಲಿ ಎಂದು.

ಹಾಗೊಂದು ಸಂಜೆ ಆ ಅಜ್ಜಿಯ ಕರೆ ಬಂತು. ಕಾರ್ಡಿನ ಅಂಕಿಗಳು, ನಡುನಡುವೆ ಕೆಮ್ಮು, ಹುಟ್ಟಿದ ದಿನ, ಕೊನೆಗೆ ಗುಟ್ಟಿನ ಪದ — ಸತ್ತುಹೋದ ಅವಳ ನಾಯಿಯ ಹೆಸರು. ಅದನ್ನು ಹೇಳುವಾಗ ಅವಳ ದನಿ ನಡುಗಿತು. ಇದನ್ನು ಯಾರಿಗೂ ಹೇಳುವುದಿಲ್ಲ ತಾನೆ, ಎಂದು ಕೇಳಿದಳು. ಇಲ್ಲ ಎಂದೆ — ನಾಗರತ್ನಳಾಗಿ.

ಭಾನುವಾರ ಚಂದ್ರವಳ್ಳಿಯ ಬಂಡೆಯ ಮೇಲೆ, ಮಂಡಕ್ಕಿ ತಿನ್ನುತ್ತ ಕೂತ ಗೆಳೆಯರಿಗೆ ಅಜ್ಜಿಯನ್ನು ಅಣಕಿಸಿ ತೋರಿಸಿದೆ. ಕೆಮ್ಮು ಬಿಡಲಿಲ್ಲ, ಅಂಕಿ ಬಿಡಲಿಲ್ಲ, ನಾಯಿಯನ್ನೂ ಬಿಡಲಿಲ್ಲ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಹಿರಿಯೂರಿನಿಂದ ಯಾರ ಜೊತೆಗೋ ಬಂದಿದ್ದ ಒಬ್ಬ ಮಾತ್ರ ನಗಲಿಲ್ಲ. ಕೈಯಲ್ಲಿ ಮೊಬೈಲು ಹಿಡಿದು, "ಇನ್ನೊಂದ್ಸಲ ಮಾಡು ಗುರು, ಮೊದ್ಲಿಂದ" ಎಂದ.

ಮಾಡಿದೆ. ಹೊಗಳಿಕೆ ಎಂದುಕೊಂಡು ಮಾಡಿದೆ! ಮನೆಗೆ ಬರುವ ದಾರಿಯಲ್ಲಿ, ಅವನ ಹೆಬ್ಬೆರಳು ಮೊಬೈಲಿನ ಗುಂಡಿಗಳನ್ನು ಒತ್ತುತ್ತಿದ್ದದ್ದು ನೆನಪಾಯಿತು — ಅವನು ಅಂಕಿಗಳನ್ನು ಬರೆದುಕೊಳ್ಳುತ್ತಿದ್ದ.

ಆಮೇಲೆ ಪೊಲೀಸ್ ಜೀಪು ಕಂಡರೆ ಗಲ್ಲಿಗೆ ನುಗ್ಗುತ್ತಿದ್ದೆ. ಫೋನಿನಲ್ಲಿ ಯಾರಾದರೂ ಕೆಮ್ಮಿದರೆ ಕರೆ ಕತ್ತರಿಸಿಬಿಡುತ್ತಿದ್ದೆ. ಕೊನೆಗೆ ಸುದ್ದಿ ಬಂತು — ಅಜ್ಜಿಯ ಖಾತೆಯನ್ನು ಯಾರೋ ಬರಿದು ಮಾಡಿದ್ದರು. ಕಚೇರಿಯ ಲೆಕ್ಕದಲ್ಲಿ ಅವಳ ಕರೆ ಎತ್ತಿದ್ದು ನ್ಯಾನ್ಸಿ, ಅಂದರೆ ನಾಗರತ್ನ.

ಮ್ಯಾನೇಜರ್ ನಾಗರತ್ನಳನ್ನೂ, ಅವಳು ನನ್ನ ಹೆಸರು ಹೇಳಿದ್ದರಿಂದ ನನ್ನನ್ನೂ ಕೋಣೆಗೆ ಕರೆದರು, ರೆಕಾರ್ಡು ಹಾಕಿದರು.

"ನಾನಾಗ್ಲೇ ಬಸ್ನಾಗಿದ್ದೆ ಸಾರ್," ಎಂದಳು ನಾಗರತ್ನ. "ನನ್ ಸೀಟ್ನಾಗೆ ಕುಂತಿದ್ದೋನು ಇವ್ನು. ನನ್ನಂಗೇ ಮಾತಾಡ್ತಾನೆ."

"ಎಲ್ಲಿ, ಮಾಡಪ್ಪ ನೋಡಾಣ."

ಬಾಯಿ ತೆರೆದೆ. ಬೇಕೆಂದೇ — ಹುಟ್ಟಿದಾಗಿನಿಂದ ಮೊದಲ ಸಲ — ಕೆಟ್ಟದಾಗಿ ಅಣಕಿಸಿದೆ. ಒಡಕು ಗಂಟಲು, ನಾಟಕದ ಹೆಣ್ಣುವೇಷದ ರಾಗ. ಮ್ಯಾನೇಜರ್ ನಕ್ಕುಬಿಟ್ಟರು. ನಾಗರತ್ನ ನನ್ನ ಮುಖವನ್ನೇ ನೋಡುತ್ತಿದ್ದಳು. ಅಂದೇ ಅವಳ ಕೆಲಸ ಹೋಯಿತು. ತಿಪ್ಪೇಸ್ವಾಮಣ್ಣ ಅವಳ ಚೀಲವನ್ನು ಎಲ್ಲರೆದುರು ಕೊಡವಿ ನೋಡಿದ. ಟಿಫಿನ್ ಡಬ್ಬಿ ಬಿತ್ತು. ನಾನು ಅದನ್ನೂ ಎತ್ತಿಕೊಡಲಿಲ್ಲ.

ವರ್ಷಗಳಾದವು. ಹೋದ ವಾರ ಹೇಗೋ ಅವಳ ನಂಬರು ಹುಡುಕಿ ಫೋನ್ ಮಾಡಿದೆ. ಅವಳು "ಹಲೋ" ಎಂದದ್ದೇ ತಡ, ಹೆದರಿಕೆಗೆ ತಿಪ್ಪೇಸ್ವಾಮಣ್ಣನ ಧ್ವನಿ ತೆಗೆದೆ: "ಯವ್ವಾ, ಆ ಮಂಜ ತಪ್ಪು ಮಾಡಿದ್ದು ಖರೆ ಕಣವ್ವ, ಕ್ಷಮಿಸಿಬಿಡು..."

ಅವಳು ಪೂರ್ತಿ ಕೇಳಿಸಿಕೊಂಡಳು. ಆಮೇಲೆ, ಫೋನಿಡುವ ಮೊದಲು, ಇಷ್ಟೇ ಅಂದಳು:

"ಲೇ ಮಂಜ, ತಪ್ಪು ಮಾಡಿದ್ದು ನನ್ ಧ್ವನೀಲಿ. ಒಪ್ಕಳದನ್ನಾದ್ರೂ ನಿನ್ ಧ್ವನೀಲಿ ಒಪ್ಕಳಲೇ."