ದೋಣಿಗೊಂದು ಲೋಟ ಎಣ್ಣೆ

ಆ ದ್ವೀಪದ ಶಾಲೆಯಲ್ಲಿ ಓದಿದ ಯಾರನ್ನಾದರೂ ಕೇಳಿ, ದೊಬ್ರಿಲಾಳ ಕೈಯ ಕಾಳಿನ ಸಾರಿನ ರುಚಿಯನ್ನು ಇಂದಿಗೂ ಹೇಳುತ್ತಾರೆ. ತಟ್ಟೆಯಲ್ಲಿ ಉಳಿಸಿದವರನ್ನು ಅವಳು ಹೇಗೆ ನೋಡುತ್ತಿದ್ದಳು ಎಂಬುದನ್ನೂ ಹೇಳುತ್ತಾರೆ. ಶಾಲೆಯ ಅಡುಗೆಮನೆಯಲ್ಲೇ ಕೂದಲು ನರೆತವಳು ಅವಳು. ಸೌಟು ಹಿಡಿದ ಕೈಯಲ್ಲಿ ಸ್ಪ್ಯಾನರು ಹಿಡಿಯಬೇಕಾದೀತೆಂದು ಕನಸಿನಲ್ಲೂ ಎಣಿಸಿರಲಿಲ್ಲ.

ಗಂಡ ಶ್ಪಿರೊ ತೀರಿಹೋಗಿ ಎರಡು ಚಳಿಗಾಲ ಕಳೆದಿದ್ದವು. ಅವನು ಬಿಟ್ಟುಹೋದದ್ದು ಎದುರಿನ ನಡುಗಡ್ಡೆಯ ಆಲಿವ್ ತೋಟ, ಮತ್ತೆ 'ಲಾಸ್ತಾ' ಎಂಬ ಹಳೆಯ ಮರದ ದೋಣಿ. ಅದರ ಹೊಟ್ಟೆಯಲ್ಲಿ ಒಂಟಿ ಸಿಲಿಂಡರಿನ ಡೀಸೆಲ್ ಎಂಜಿನ್. ಅವನಿದ್ದಾಗ ದೊಬ್ರಿಲಾ ಬುಟ್ಟಿ ಹಿಡಿದು ದೋಣಿಯ ಮೂತಿಯಲ್ಲಿ ಕೂರುತ್ತಿದ್ದಳು. ಹಿಂದೆ ತಿರುಗಿ ನೋಡುವ ಅಗತ್ಯ ಬಿದ್ದಿರಲಿಲ್ಲ. ಅವನು ಹೋದ ಮೇಲೆ ಹೇಗೋ ತಾನೇ ದೋಣಿ ನಡೆಸುತ್ತಿದ್ದಳು.

ಶ್ಪಿರೊನ ಅಣ್ಣ ವಿಯೆಕೊನನ್ನು ಊರೆಲ್ಲ ಹಿರಿಯನೆಂದು ಬಾರ್ಬಾ ಎನ್ನುತ್ತಿತ್ತು. ಕೆಟ್ಟ ಮನುಷ್ಯನಲ್ಲ, ಆದರೆ ಬಾಯಿಗೆ ಬಾಗಿಲಿಲ್ಲ. ಕೊಯ್ಲಿಗೆ ಮುಂಚೆ, ದೋಣಿ ಕಟ್ಟುವ ಧಕ್ಕೆಯ ಮೇಲೆ ನಾಲ್ಕು ಜನರ ಎದುರಿಗೇ ಅವನು ಅಂದಿದ್ದ: "ಗಂಡಸಿಲ್ಲದ ದೋಣಿ ಎಷ್ಟು ದಿನ ತೇಲುತ್ತೆ, ದೊಬ್ರಿಲಾ? ತೋಟ ನಂಗೆ ಬಿಡು. ಹಾಳು ಬೀಳೋದಾದ್ರೂ ತಪ್ಪುತ್ತೆ."

"ಈ ವರ್ಷದ ಕಾಯಿನ ನಾನೇ ಗಾಣಕ್ಕೆ ಮುಟ್ಟಿಸ್ತೀನಿ, ಬಾರ್ಬಾ. ಆಗ್ಲಿಲ್ಲ ಅಂದ್ರೆ ವಸಂತಕ್ಕೆ ತೋಟ ನಿಮ್ದು," ಎಂದಳು ದೊಬ್ರಿಲಾ. ಆಡಿದ ಮಾತು ನೀರಿಗೆ ಬಿದ್ದ ಕಲ್ಲಿನಂತೆ, ಹಿಂದಕ್ಕೆ ಬಾರದು.

ಆ ವರ್ಷ ಕಾಯಿ ಗೊಂಚಲುಗೊಂಚಲಾಗಿ ಬಿಟ್ಟಿತ್ತು. ಕೊಯ್ಲು ಮುಗಿಸಿ ಮೂಟೆಗಳನ್ನು ಹೇರಿಕೊಂಡು ಮನೆಯ ಕಡೆ ಬರುತ್ತಿದ್ದಾಗ, ದೀಪಸ್ತಂಭದ ಬಳಿ ಲಾಸ್ತಾ ಒಮ್ಮೆ ಕೆಮ್ಮಿತು, ಬಿಳಿ ಹೊಗೆ ಉಗುಳಿತು, ನಿಂತಿತು. ಸ್ವಲ್ಪ ಹೊತ್ತು ಬಿಟ್ಟು ತಿರುಗಿಸಿದರೆ ಓಡುವುದು, ಮತ್ತೆ ನಿಲ್ಲುವುದು. ಕುಂಟುತ್ತ ಕುಂಟುತ್ತ ದಡ ಸೇರುವಷ್ಟರಲ್ಲಿ ಕತ್ತಲಾಗಿತ್ತು. ಗಾಣವಿರುವುದು ಜಲಸಂಧಿಯ ಆಚೆಯ ದೊಡ್ಡ ದ್ವೀಪದಲ್ಲಿ. ಅವಳ ಸರದಿ ಬರುವ ಶನಿವಾರ. ಆ ದಿನ ತಪ್ಪಿದರೆ ಮತ್ತೆ ಸರದಿ ಸಿಕ್ಕುವಷ್ಟರಲ್ಲಿ ಮೂಟೆಯೊಳಗಿನ ಕಾಯಿ ಬಿಸಿಯೇರಿ ಹುಳಿತುಹೋಗುತ್ತಿತ್ತು.

ವಿಯೆಕೊನ ದೋಣಿ ಬಣ್ಣಕ್ಕೆಂದು ದಡಕ್ಕೇರಿತ್ತು. ಅವನು ಬಂದು ಎಂಜಿನ್ನಿನ ಮೇಲೆ ಬಗ್ಗಿ, ಪಂಪೇ ಹೋಗಿದೆ, ಇದನ್ನು ಕಳಚಿ ಲಂಗರು ಮಾಡಿಕೋ ಎಂದು ತೀರ್ಪು ಕೊಟ್ಟ. ದೊಬ್ರಿಲಾ ಮನೆಯ ಹಿಂದಿನ ಕಲ್ಲಿನ ತೊಟ್ಟಿಯನ್ನು ಉಜ್ಜಿ ತೊಳೆದು ಕಾಯಿ ಸುರಿದಳು. ಕೊಡಕೊಡ ಸಮುದ್ರದ ನೀರು ಹೊತ್ತು ತಂದು ಮುಳುಗಿಸಿದಳು. ಗಾಣ ದೂರವಿದ್ದ ಕಾಲದಲ್ಲಿ ಅಜ್ಜಿಯಂದಿರು ಕಾಯಿ ಕಾಯುತ್ತಿದ್ದ ರೀತಿ ಅದು. ಬೆಳಿಗ್ಗೆ ಸಂಜೆ ನೀರು ಬದಲಿಸಬೇಕು, ಬೆನ್ನು ಮುರಿಯುತ್ತದೆ. ಆದರೆ ಕಾಯಿ ತಣ್ಣಗಿರುತ್ತದೆ.

"ಮ್ಯೂಸಿಯಮ್ಮಿಗೆ ಟಿಕೆಟ್ ಎಷ್ಟು?" ಎಂದು ವಿಯೆಕೊ ಬೇಲಿಯಾಚೆಯಿಂದ ಕೇಳಿದ.

"ನೋಡೋರಿಗೆ ಪುಕ್ಕಟೆ. ನೀರು ಹೊರೋರಿಗೆ ಊಟಾನೂ ಉಂಟು," ಎಂದಳು ಇವಳು. ಅವನು ಮೆಲ್ಲಗೆ ಜಾರಿಕೊಂಡ.

ಮೊದಲು ಅವಳು ಚುಕ್ಕಾಣಿಯ ಕೆಳಗೆ ಕೈಹಾಕಿ ನೋಡಿದಳು. ಪ್ರೊಪೆಲ್ಲರಿಗೆ ಬಲೆಯ ಚೂರಾಗಲಿ ಹಗ್ಗವಾಗಲಿ ಸುತ್ತಿಕೊಂಡಿರಲಿಲ್ಲ. ಡೀಸೆಲ್ ಸೋಸುವ ಫಿಲ್ಟರ್ ಹೊಸದು ಹಾಕಿದಳು. ಲಾಸ್ತಾ ಮದುವಣಗಿತ್ತಿಯ ಹಾಗೆ ಹೊರಟು, ದೀಪಸ್ತಂಭದ ಬಳಿ ಮತ್ತೆ ಕೆಮ್ಮಿತು. ಇದು ಅವಳನ್ನು ಯೋಚನೆಗೆ ಹಚ್ಚಿತು. ಪಂಪು ಸತ್ತಿದ್ದರೆ ಮೊದಲಲ್ಲೇ ಓಡಬಾರದಿತ್ತು. ಜರಡಿ ಹೊಸದಾದಾಗ ಓಡುತ್ತದೆ, ಜರಡಿ ಕಟ್ಟಿಕೊಂಡಾಗ ನಿಲ್ಲುತ್ತದೆ. ಫಿಲ್ಟರನ್ನು ಕೊಯ್ದು ನೋಡಿದರೆ ಒಳಗೆಲ್ಲ ಕಂದು ಬಣ್ಣದ ಲೋಳೆ.

ಪಟ್ಟಣದ ಮೆಕ್ಯಾನಿಕ್ ಜ್ವೊನ್ಕೊನಿಗೆ ಫೋನು ಮಾಡಿದಳು. ಅವನಿಗೆ ಆ ವಾರ ಪುರುಸೊತ್ತಿರಲಿಲ್ಲ. ದಾರಿಯನ್ನು ಮಾತ್ರ ಹೇಳಿಕೊಟ್ಟ. "ಟ್ಯಾಂಕ್‌ನ ಮರೆತುಬಿಡಿ. ಡಬ್ಬದಲ್ಲಿ ಹೊಸ ಡೀಸೆಲ್ ಹಾಕಿ, ಎತ್ತರದಲ್ಲಿಟ್ಟು, ಕೊಳವೆ ಹಚ್ಚಿ ಕುಡಿಸಿ. ಓಡಿದ್ರೆ ತಪ್ಪು ಟ್ಯಾಂಕಿಂದು. ನಿಂತ್ರೆ ಎಂಜಿನ್ನಿಂದು." ಕೊಳವೆಯೊಳಗೆ ಗಾಳಿ ನಿಂತರೆ ಯಾವ ತಿರುಪು ಸಡಿಲಿಸಬೇಕು, ಗುಳ್ಳೆ ನಿಂತ ಮೇಲೆ ಹೇಗೆ ಬಿಗಿಯಬೇಕು ಎಂಬುದನ್ನೂ ತಾಳ್ಮೆಯಿಂದ ತಿಳಿಸಿದ. ಅವಳು ಅದನ್ನು ಬಾಯಿಪಾಠ ಮಾಡಿಕೊಂಡಳು.

ಡಬ್ಬದ ಡೀಸೆಲ್ ಕುಡಿದ ಲಾಸ್ತಾ ದೀಪಸ್ತಂಭ ದಾಟಿತು, ತಿರುಗಿ ಬಂತು, ಮತ್ತೊಮ್ಮೆ ಹೋಗಿ ಬಂತು. ತಪ್ಪು ಟ್ಯಾಂಕಿನದೇ. ಹಾಗೆಂದು ಅಲೆಯ ನಡುವೆ ಮಗುಚಬಹುದಾದ ತೆರೆದ ಡಬ್ಬವನ್ನು ನಂಬಿ ಮೂಟೆ ಹೇರುವಂತಿರಲಿಲ್ಲ. ಟ್ಯಾಂಕಿನ ತಳದ ಡೀಸೆಲನ್ನು ಕೊಳವೆಯಿಂದ ಎಳೆದು ಉಪ್ಪಿನಕಾಯಿಯ ಗಾಜಿನ ಭರಣಿಗೆ ತುಂಬಿ ಕಿಟಕಿಯಲ್ಲಿಟ್ಟಳು. ಬೆಳಿಗ್ಗೆ ನೋಡಿದರೆ ಅದು ಪದರಪದರವಾಗಿ ನಿಂತಿತ್ತು: ತಳದಲ್ಲಿ ನೀರು, ನಡುವೆ ಲೋಳೆ, ಮೇಲೆ ಡೀಸೆಲ್. ಮುಚ್ಚಳ ತೆಗೆದು ಮೂಸಿದಳು. ಡೀಸೆಲಿನ ಘಾಟಿನ ಕೆಳಗೆ ಇನ್ನೊಂದು ವಾಸನೆಯಿತ್ತು, ಕಮಟಿದ್ದು. ಅಡುಗೆಯವಳ ಮೂಗಿಗೆ ಅದು ತಪ್ಪದು. ಎಣ್ಣೆ ಪಾತ್ರೆಯ ತಳದ ಗಸಿ.

ದೊಬ್ರಿಲಾ ಹಾಗೇ ಸ್ಟೂಲಿನ ಮೇಲೆ ಕುಳಿತಳು.

ಶ್ಪಿರೊನ ಮನೆತನದಲ್ಲಿ ಒಂದು ಪದ್ಧತಿಯಿತ್ತು. ಗಾಣದಿಂದ ಬಂದ ಹೊಸ ಎಣ್ಣೆಯನ್ನು ಮನೆಯವರು ರೊಟ್ಟಿಗೆ ಹಚ್ಚುವ ಮೊದಲು ಒಂದು ಲೋಟ ದೋಣಿಯ ಟ್ಯಾಂಕಿಗೆ ಹೊಯ್ಯಬೇಕು. ಹೊತ್ತು ತಂದವಳಿಗೆ ಮೊದಲ ತುತ್ತು ಎಂದು ಅವನು ನಗುತ್ತಿದ್ದ. ಅವನು ಹೋದ ಮೇಲೆ ಅವಳು ಅದನ್ನು ಬಿಡಲಿಲ್ಲ. ಸಣ್ಣ ಲೋಟದ ಬದಲು ದೊಡ್ಡ ಲೋಟವನ್ನೇ ಎತ್ತಿಕೊಂಡಿದ್ದಳು, ಅವನ ಪಾಲೂ ಸೇರಲಿ ಎಂದು. ಹೊಸ ಎಣ್ಣೆಯೆಂದರೆ ಗಸಿ ಇನ್ನೂ ಇಳಿಯದ ಎಣ್ಣೆ.

ಟ್ಯಾಂಕಿನ ದುಂಡು ಮುಚ್ಚಳ ಬಿಚ್ಚಿ, ಭುಜದವರೆಗೆ ಕೈ ಇಳಿಸಿ ಅವಳು ಲೋಳೆ ಬಾಚುತ್ತಿದ್ದಾಗ ವಿಯೆಕೊ ಬಂದ. ಭರಣಿಯನ್ನು ಬೆಳಕಿಗೆ ಹಿಡಿದು ನೋಡಿ, ಈ ಸಲ ಹಾಸ್ಯ ಮಾಡಲಿಲ್ಲ.

"ರೊಟ್ಟಿಗೆ ಹಚ್ಚೋ ಎಣ್ಣೆನ ಟ್ಯಾಂಕಿಗೆ ಸುರಿದೆ, ಬಾರ್ಬಾ," ಎಂದಳು ಅವಳು ತಲೆ ಎತ್ತದೆ. "ಆದ್ರೆ ಅವರೂ ಸುರೀತಿದ್ರಲ್ಲ? ಅವರ ಕೈಲಿ ಯಾಕೆ ನಿಲ್ಲಲಿಲ್ಲ ಇದು?"

ವಿಯೆಕೊ ತಲೆ ಕೆರೆದುಕೊಂಡ. "ಈಸ್ಟರಿಗೆ ಮುಂಚೆ ಅವನು ಖಾಲಿ ಬಾಟ್ಲಿ ಹಿಡ್ಕೊಂಡು ದೋಣಿ ಒಳಗೆ ಬೋರಲು ಮಲಗ್ತಿದ್ದ. ಕೆಳಗೊಂದು ನಲ್ಲಿ ಇದೆ ನೋಡು, ಅಲ್ಲಿಂದ ತಳದ ಕೊಳೆ ಇಳಿಸ್ತಿದ್ದ. ನಿಂಗೆ ಹೇಳಿರಲಿಲ್ವಾ?"

ಅವಳ ಕೈ ಟ್ಯಾಂಕಿನೊಳಗೇ ನಿಂತಿತು. ಪ್ರತಿ ವಸಂತದಲ್ಲೂ ಗಂಡ ವೈನಿನ ಬಾಟಲಿಯೊಂದನ್ನು ಕಂಕುಳಲ್ಲಿ ಅಡಗಿಸಿಕೊಂಡು ದೋಣಿಗೆ ಹೋಗುವುದನ್ನು ಅವಳು ಕಂಡಿದ್ದಳು. ಕದ್ದು ಕುಡಿಯುತ್ತಾನೆಂದು ಬೈದಿದ್ದಳು. ಅವನು ಬೈಗುಳ ತಿಂದು, ಮೀಸೆಯಲ್ಲೇ ನಕ್ಕು ಸುಮ್ಮನಿರುತ್ತಿದ್ದ. ಅವಳು ಶಾಸ್ತ್ರವನ್ನು ಉಳಿಸಿಕೊಂಡಿದ್ದಳು. ಶಾಸ್ತ್ರದ ಹಿಂದಿದ್ದ ಚಾಕರಿ ಅವನೊಡನೆ ಹೋಗಿತ್ತು.

"ಬೈಸಿಕೊಳ್ಳೋದ್ರಲ್ಲಿ ಅವನಿಗೊಂದು ಸುಖ ಇತ್ತು," ಎಂದ ವಿಯೆಕೊ ಮೆಲ್ಲಗೆ.

"ದೀಪ ಈ ಕಡೆ ಹಿಡೀರಿ," ಎಂದಳು ದೊಬ್ರಿಲಾ, ಮತ್ತೆ ಬಾಚತೊಡಗಿದಳು.

ಡೀಸೆಲ್ ತುಂಬುವ ಬಾಯಿಯ ರಬ್ಬರ್ ಉಂಗುರ ಒಣಗಿ ಸೀಳಿತ್ತು. ಮಳೆನೀರು ಇಳಿದದ್ದು ಅಲ್ಲಿಂದ. ಅದನ್ನು ಬದಲಿಸಿದಳು. ಕೊಳವೆಗಳನ್ನು ತೊಳೆದು, ಟ್ಯಾಂಕನ್ನು ಒಣಬಟ್ಟೆಯಿಂದ ಒರೆಸಿ, ಹೊಸ ಡೀಸೆಲ್ ತುಂಬಿದಳು. ಎರಡು ಹೊಸ ಫಿಲ್ಟರ್ ತಂದಳು. ಒಂದನ್ನು ಹಾಕಿ, ಇನ್ನೊಂದನ್ನು ಏಪ್ರನ್ನಿನ ಜೇಬಿಗಿಳಿಸಿದಳು.

ಶನಿವಾರ ಬೆಳಿಗ್ಗೆ ಬೂರಾ ಎಂಬ ಕೊರೆಯುವ ಚಳಿಗಾಳಿ ಬೆಟ್ಟದಿಂದ ಇಳಿಯುತ್ತಿತ್ತು. ಮೂಟೆ ಹೇರುವುದಕ್ಕೆ ಕೈ ಕೊಟ್ಟ ವಿಯೆಕೊ, ಹೇಳದೆ ಕೇಳದೆ ತಾನೂ ಹತ್ತಿ ದೋಣಿಯ ಮೂತಿಯಲ್ಲಿ, ಅವಳು ಹಿಂದೆ ಕೂರುತ್ತಿದ್ದ ಜಾಗದಲ್ಲಿ ಕುಳಿತ. ಜಲಸಂಧಿಯ ನಡುವೆ ಎಂಜಿನ್ನಿನ ದನಿ ಇದ್ದಕ್ಕಿದ್ದಂತೆ ಇಳಿಯಿತು. ವಿಯೆಕೊ ತಿರುಗಿ ನೋಡಿದ. ಮೂಲೆಮುಡುಕಿನಲ್ಲಿ ಉಳಿದಿದ್ದ ಕೊಳೆಯನ್ನು ಅಲೆ ಕದಡಿ ಎಬ್ಬಿಸಿತ್ತು. ದೊಬ್ರಿಲಾ ತಾನೇ ಎಂಜಿನ್ ನಿಲ್ಲಿಸಿದಳು. ದೋಣಿ ಅಡ್ಡಡ್ಡ ತೂಗುತ್ತಿರಲು ಮೊಣಕಾಲೂರಿ ಫಿಲ್ಟರ್ ಕಳಚಿದಳು, ಜೇಬಿನದನ್ನು ಹಾಕಿದಳು, ತಿರುಪು ಸಡಿಲಿಸಿ ಗುಳ್ಳೆ ನಿಲ್ಲುವವರೆಗೆ ಕೈಪಂಪು ಒತ್ತಿದಳು, ಬಿಗಿದಳು. ಗಾಳಿ ಅವರನ್ನು ಬಂಡೆಯ ಕಡೆ ತಳ್ಳುತ್ತಿತ್ತು. ಬಾಯಿಗೆ ಬಾಗಿಲಿಲ್ಲದ ವಿಯೆಕೊ ಅಷ್ಟು ಹೊತ್ತೂ ತುಟಿ ಬಿಚ್ಚಲಿಲ್ಲ.

ಹಿಡಿ ತಿರುಗಿಸಿದಳು. ಲಾಸ್ತಾ ಒಮ್ಮೆ ಸೀನಿ, ಟುಕು ಟುಕು ಎಂದು ಮುನ್ನಡೆಯಿತು.

ಗಾಣದವನು ಕಾಯಿ ಮೂಸಿ, ನೆಕ್ಕಿ ನೋಡಿ, ತುಸು ಉಪ್ಪು, ಆದರೆ ಕೆಟ್ಟಿಲ್ಲ ಎಂದ. ಸಂಜೆ ಹಸಿರು ಎಣ್ಣೆ ಮನೆಗೆ ಬಂತು. ದೊಬ್ರಿಲಾ ಒಂದು ಲೋಟ ತುಂಬಿಕೊಂಡು ಧಕ್ಕೆಗೆ ಇಳಿದಳು. ಟ್ಯಾಂಕಿನ ಬಾಯಿಯ ಬಳಿ ಕ್ಷಣ ನಿಂತು, ಮುಂದಕ್ಕೆ ನಡೆದು, ಎಣ್ಣೆಯನ್ನು ದೋಣಿಯ ಮೂತಿಯ ಒಣಮರಕ್ಕೆ ಹೊಯ್ದು ಅಂಗೈಯಿಂದ ತಿಕ್ಕಿದಳು. ಮರ ಬಾಯಾರಿದ ಹಾಗೆ ಕುಡಿಯಿತು. ಆಮೇಲೆ ಒಂದು ಖಾಲಿ ವೈನ್ ಬಾಟಲಿಯನ್ನು ಟ್ಯಾಂಕಿನ ಕೆಳಗಿನ ನಲ್ಲಿಗೆ ದಾರದಿಂದ ಕಟ್ಟಿ ತೂಗುಹಾಕಿದಳು.

ವಿಯೆಕೊ ಟೋಪಿಯನ್ನು ಕೈಯಲ್ಲಿ ತಿರುವುತ್ತ ನಿಂತಿದ್ದ. "ವಸಂತಕ್ಕೆ ತೋಟದ ವಿಷಯ..." ಎಂದು ರಾಗ ಎಳೆದ.

"ವಸಂತಕ್ಕೆ ಕೊಂಬೆ ಸವರೋದಿದೆ," ಎಂದಳು ದೊಬ್ರಿಲಾ, ಎಣ್ಣೆಯ ಕೈಯನ್ನು ಏಪ್ರನ್ನಿಗೆ ಒರೆಸಿಕೊಳ್ಳುತ್ತ. "ಬನ್ನಿ, ಬಾರ್ಬಾ. ಏಣಿ ಹಿಡಿಯೋಕೆ ಒಬ್ಬರು ಬೇಕು."