ಪಡಸಾಲೆಗೊಂದು ಬ್ರೌಸರ್, ಅಡುಗೆಮನೆಗೊಂದು

ನಮ್ಮ ಮನೆಯ ಕಂಪ್ಯೂಟರಿನಲ್ಲಿ ಎರಡು ಬ್ರೌಸರ್‌ಗಳಿವೆ. ಒಂದು ಅಮ್ಮನದು, ಒಂದು ನನ್ನದು. ಇಂಟರ್ನೆಟ್ ನೋಡಲು ಒಂದು ಸಾಲದೇ ಎಂದು ಕೇಳಿದವರಿಗೆ ಸ್ಪೀಡು, ಸೆಕ್ಯುರಿಟಿ, ಕಾಲೇಜಿನ ಕೆಲಸ ಎಂದು ಬಾಯಿಗೆ ಬಂದದ್ದನ್ನು ಹೇಳುತ್ತೇನೆ. ಎಲ್ಲ ಬೊಗಳೆ. ನಿಜವಾದ ಕಾರಣ ಹೇಳಲು ನನಗೆ ನಾಚಿಕೆಯಾಗುತ್ತದೆ.

ನಾನು ಚಿಕ್ಕಬಳ್ಳಾಪುರದಲ್ಲಿ ಪಿಯುಸಿ ಮಕ್ಕಳಿಗೆ ಕನ್ನಡ ಪಾಠ ಮಾಡುವವನು. ನವೆಂಬರ್ ಬಂತೆಂದರೆ ನನಗೆ ಬಿಡುವಿಲ್ಲ. ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರು, ಎಲ್ಲಿ ಕರೆದರೂ ಹೋಗಿ, ಶಾಲು ಹೊದೆಸಿಕೊಂಡು, ಮನೆಯೊಳಗೆ ಕನ್ನಡ ಉಳಿದರೆ ಮಾತ್ರ ನಾಡಿನಲ್ಲಿ ಉಳಿಯುತ್ತದೆ ಎಂದು ಭಾಷಣ ಮಾಡಿ ಬರುತ್ತೇನೆ. ಚಪ್ಪಾಳೆಯೂ ಬೀಳುತ್ತದೆ. ಆಮೇಲೆ ಮನೆಗೆ ಬಂದು, ಚಪ್ಪಲಿ ಬಿಟ್ಟು, ಅಮ್ಮನ ಹತ್ತಿರ ತೆಲುಗಿನಲ್ಲಿ ಕಾಫಿ ಕೇಳುತ್ತೇನೆ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಅನ್ನುವುದು ನನ್ನಂಥವರನ್ನು ನೋಡಿಯೇ ಹುಟ್ಟಿದ ಮಾತು.

ನಮ್ಮದು ಗೌರಿಬಿದನೂರಿನ ಆಚೆ, ಗಡಿಗೆ ಅಂಟಿಕೊಂಡ ಊರು. ತಲೆಮಾರುಗಳಿಂದ ಹೊಲ ನಮ್ಮದೇ, ದೇವರು ನಮ್ಮದೇ, ಮನೆಮಾತು ಮಾತ್ರ ತೆಲುಗು. ಈ ಸೀಮೆಯಲ್ಲಿ ಇದೇನೂ ವಿಶೇಷವಲ್ಲ. ಸಂತೆಯಲ್ಲಿ ಒಂದು ಕಡೆಯಿಂದ ಕನ್ನಡದಲ್ಲಿ ರೇಟು ಕೇಳಿದರೆ ಇನ್ನೊಂದು ಕಡೆಯಿಂದ ತೆಲುಗಿನಲ್ಲಿ ಉತ್ತರ ಬರುತ್ತದೆ, ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ತಲೆ ಕೆಡಿಸಿಕೊಂಡವನು ನಾನೊಬ್ಬನೇ. ಕನ್ನಡ ಮೇಷ್ಟರ ಮನೆಯಲ್ಲಿ ತೆಲುಗಂತೆ ಎಂದು ಯಾರಾದರೂ ಅಂದಾರು ಎಂಬ ಭಯ. ಹಾಗಾಗಿ ಮನೆಯಲ್ಲಿ ಯಾರೂ ಬರೆಯದ ಒಂದು ಕಾನೂನು ನಡೆದುಕೊಂಡು ಬಂದಿತ್ತು. ಗೇಟಿನ ಚಿಲಕ ಸದ್ದಾಯಿತೆಂದರೆ ಎಲ್ಲರೂ ಅರ್ಧಕ್ಕೇ ಮಾತು ನಿಲ್ಲಿಸಿ ಕನ್ನಡಕ್ಕೆ ಹೊರಳುತ್ತಿದ್ದೆವು. ಒಳಗೆ ನನ್ನನ್ನು ತೆಲುಗಿನಲ್ಲಿ 'ನಾಯನಾ' ಎಂದು ಕರೆಯುತ್ತಿದ್ದ ಅಮ್ಮ ಚಿಲಕದ ಸದ್ದಿಗೆ 'ಅಪ್ಪಾ' ಎನ್ನುತ್ತಿದ್ದಳು. ಅದಕ್ಕೆ ಅವಳಿಗೆ ಕಣ್ಣು ಮಿಟುಕಿಸುವಷ್ಟು ಹೊತ್ತೂ ಬೇಕಿರಲಿಲ್ಲ.

ಕಂಪ್ಯೂಟರಿಗೆ ಈ ಕಾನೂನು ಗೊತ್ತಿರಲಿಲ್ಲ.

ಅದು ಇರುವುದು ಪಡಸಾಲೆಯಲ್ಲಿ. ತಂದದ್ದು ನನ್ನ ಕಾಲೇಜಿನ ಕೆಲಸಕ್ಕೆ. ಆದರೆ ನಾನು ಹೋದ ಮೇಲೆ ಅದರ ಮುಂದೆ ಕೂರುವವಳು ಅಮ್ಮ. ಅಮ್ಮನಿಗೆ ಒಬ್ಬಳೇ ತಂಗಿ, ಹಿಂದೂಪುರಕ್ಕೆ ಕೊಟ್ಟಿದ್ದಾರೆ. ಮೊದಲು ಇಬ್ಬರೂ ರೈಲು ಹತ್ತಿ ಹೋಗಿ ಬಂದು ಮಾಡುತ್ತಿದ್ದರು. ಚಿಕ್ಕಮ್ಮ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡ ಮೇಲೆ ಅದು ನಿಂತಿತು, ಅಮ್ಮನ ಮಂಡಿಯೂ ಮೆಟ್ಟಿಲು ಹತ್ತಲು ಒಪ್ಪುತ್ತಿರಲಿಲ್ಲ. ಚಿಕ್ಕಮ್ಮನ ಸೊಸೆ ಫೋನಿನಲ್ಲೇ ಹೇಳಿಕೊಟ್ಟು, ನನ್ನ ಹೆಂಡತಿ ಇಲ್ಲಿ ಕುಳಿತು ಸರಿಮಾಡಿ, ಬ್ರೌಸರ್ ತೆಗೆದು ಒಂದು ಕಡೆ ಒತ್ತಿದರೆ ಚಿಕ್ಕಮ್ಮನ ಮುಖ ಬರುವ ಹಾಗೆ ಮಾಡಿದ್ದರು. ಭಾನುವಾರ ಬಂತೆಂದರೆ ಅಮ್ಮ ತಲೆ ಬಾಚಿ, ಕುಂಕುಮ ತಿದ್ದಿಕೊಂಡು ಅದರ ಮುಂದೆ ಕೂರುವಳು. ಯಾರ ಮನೆಯ ಸೊಸೆ ಬಸುರಿ, ಯಾರು ಸತ್ತರು, ಹುಣಸೆಚಿಗುರಿನ ಸಾರಿಗೆ ಬೇಳೆ ಹಾಕಬೇಕೋ ಬೇಡವೋ. ಅವರಿಬ್ಬರೂ ಬೀಸುವಾಗ ಹಾಡುತ್ತಿದ್ದ ಹಾಡೊಂದನ್ನು ಜ್ಞಾಪಿಸಿಕೊಳ್ಳಲು ಹೋಗಿ ನಡುವೆ ಮರೆತು, ನೀನು ಮರೆತೆ ನೀನು ಮರೆತೆ ಎಂದು ನಗುವುದನ್ನು ನಾನು ಒಳಗಿನಿಂದ ಕೇಳುತ್ತಿದ್ದೆ. ಅಪ್ಪ ಹೋದ ಮೇಲೆ ಅಮ್ಮ ಹಾಗೆ ನಗುತ್ತಿದ್ದದ್ದು ಅಲ್ಲಿ ಮಾತ್ರ.

ಅಮ್ಮ ಉಳಿದ ದಿನಗಳಲ್ಲಿ ಅದೇ ಬ್ರೌಸರಿನಲ್ಲಿ ತೆಲುಗು ಭಜನೆ, ತೆಲುಗು ಅಡುಗೆ, ತೆಲುಗು ಧಾರಾವಾಹಿ ನೋಡುತ್ತಿದ್ದಳು. ಅದು ಅಮ್ಮನ ರುಚಿ ಕಲಿತುಬಿಟ್ಟಿತ್ತು. ಒಂದು ದಿನ ನನ್ನ ಸಹೋದ್ಯೋಗಿಯೊಬ್ಬರು ಮನೆಗೆ ಬಂದಿದ್ದರು, ಚಿಂತಾಮಣಿ ಕಡೆಯವರು. ಕಾಲೇಜಿನ ಒಂದು ಸಮಾರಂಭದ ಆಹ್ವಾನ ಪತ್ರಿಕೆ ತೋರಿಸೋಣವೆಂದು ಬ್ರೌಸರ್ ತೆಗೆದೆ. ಪರದೆಯ ತುಂಬ ತೆಲುಗು.

"ಏನ್ ಸಾರ್, ಗಡಿ ದಾಟ್ಬಿಟ್ಟಿದೀರಾ?" ಎಂದರು ಅವರು, ನಗುತ್ತ. ಬರೀ ತಮಾಷೆ. ನಾನೋ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗಾದೆ.

"ನಮ್ಮನೇವ್ಳು ನೋಡ್ತಿರ್ತಾಳೆ ಸಾರ್, ಅವ್ಳಿಗೆ ಸೀರಿಯಲ್ ಹುಚ್ಚು" ಎಂದುಬಿಟ್ಟೆ. ಬಿಸ್ಕತ್ತು ತಂದಿಡುತ್ತಿದ್ದ ಹೆಂಡತಿ ತಟ್ಟೆಯನ್ನು ಸ್ವಲ್ಪ ಜೋರಾಗಿಯೇ ಇಟ್ಟು ಒಳಗೆ ಹೋದಳು.

ಅವರು ಹೋದ ಮೇಲೆ ನನ್ನ ಬ್ರೌಸರ್ ಬೇಟೆ ಶುರುವಾಯಿತು. ಯಾವುದು ವೇಗ, ಯಾವುದು ಸುರಕ್ಷಿತ ಎಂದು ಜನ ಹುಡುಕುತ್ತಾರೆ. ನಾನು ಹುಡುಕಿದ್ದು ನನ್ನ ಮನೆಯ ಗುಟ್ಟು ಬಿಟ್ಟುಕೊಡದ ಬ್ರೌಸರ್. ಒಂದನ್ನು ಹಾಕಿದೆ, ಅದು ಹಳೆಯದರಲ್ಲಿ ಇದ್ದುದನ್ನೆಲ್ಲ ಹೊತ್ತು ತರಲೇ ಎಂದು ಕೇಳಿತು. ಬೇಡಮ್ಮಾ ತಾಯಿ ಎಂದು ತೆಗೆದೆ. ಇನ್ನೊಂದು ತೆರೆದ ಕೂಡಲೇ ಷೇರು ಮಾರುಕಟ್ಟೆಯ ಸುದ್ದಿ ಸುರಿಯಿತು. ಮೂರನೆಯದು ಯಾವ ಭಾಷೆ ಬೇಕೆಂದು ವಿನಯವಾಗಿ ಕೇಳಿತು. ಕನ್ನಡ ಎಂದೆ. ಮೆನುವೆಲ್ಲ ಕನ್ನಡವಾಯಿತು, ಎದೆಯುಬ್ಬಿತು. ಆಮೇಲೆ ಅದರಲ್ಲಿ ಏನಾದರೂ ಬದಲಾಯಿಸಬೇಕೆಂದರೆ ಯಾವ ಪದಕ್ಕೆ ಏನರ್ಥವೋ ತಿಳಿಯದೆ, ಯಾರೂ ನೋಡದಾಗ ಇಂಗ್ಲಿಷಿಗೆ ತಿರುಗಿಸಿ ಅರ್ಥ ಮಾಡಿಕೊಂಡು ಮತ್ತೆ ಕನ್ನಡಕ್ಕೆ ತಂದಿಡುತ್ತಿದ್ದೆ. ಹೆಂಡತಿ ಅದನ್ನೂ ನೋಡಿದಳು. "ಕನ್ನಡ ಮೇಷ್ಟ್ರಿಗೆ ಕನ್ನಡ ಕಷ್ಟ ಆಯ್ತೇನ್ರೀ?" ಎಂದಳು. ಅವಳು ಅಂದದ್ದು ತೆಲುಗಿನಲ್ಲಿ. ಮನೆಯವರ ಮಾತನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಅದೂ ಅದೇ ಹಳೆಯ ಚಾಳಿಯೇ ಇರಬೇಕು.

ಕೊನೆಗೆ ಆ ಮೂರನೆಯ ಬ್ರೌಸರನ್ನೇ ಇಟ್ಟುಕೊಂಡೆ. ಅದರ ಗುರುತನ್ನು ಪರದೆಯ ನಡುವೆ ಕೂರಿಸಿ, ಅಮ್ಮನ ಬ್ರೌಸರಿನ ಗುರುತನ್ನು ಒಂದು ಫೋಲ್ಡರಿನೊಳಗೆ ಸೇರಿಸಿದೆ. ಅಮ್ಮನನ್ನು ಕರೆದು ತೋರಿಸಿದೆ.

"ಎಂದುಕು ನಾಯನಾ?" ಎಂದು ಕೇಳಿದಳು. ಯಾಕಪ್ಪಾ ಎಂದು.

"ಎಲ್ಲಾ ಒಂದರಲ್ಲೇ ಇದ್ದರೆ ಕಂಪ್ಯೂಟರ್ ನಿಧಾನ ಆಗುತ್ತಮ್ಮ. ನಿನ್ನದು ಒಳಗಿದೆ. ಎರಡು ಸಲ ಒತ್ತು, ಬರುತ್ತೆ. ಯಾರಾದರೂ ಬಂದರೆ ಈ ಮುಂದಿನದನ್ನು ತೆಗೆದಿಟ್ಟುಬಿಡು."

ಅಮ್ಮ ಪರದೆಯನ್ನೂ ನನ್ನನ್ನೂ ನೋಡಿದಳು. "ಅಂದರೆ ಇದು ಪಡಸಾಲೆ, ಅದು ಅಡುಗೆಮನೆ. ಗೊತ್ತಾಯಿತು ಬಿಡು" ಎಂದಳು. ಅವಳ ದನಿಯಲ್ಲಿ ಬೇಸರವೇನೂ ಇರಲಿಲ್ಲ. ಇದ್ದಿದ್ದರೆ ನಾನು ಎರಡು ಮಾತು ವಾದ ಮಾಡಿ ಹಗುರಾಗುತ್ತಿದ್ದೆನೇನೋ.

ಕೆಲವು ವಾರ ಎಲ್ಲ ಸರಿಯಾಗಿಯೇ ನಡೆಯಿತು. ಒಂದು ಭಾನುವಾರ ಬೆಳಿಗ್ಗೆ ಅಮ್ಮ ಚಿಕ್ಕಮ್ಮನ ಜೊತೆ ಮಾತಿಗೆ ಕುಳಿತಿದ್ದಳು. ಚಿಕ್ಕಮ್ಮನಿಗೆ ಅವತ್ತು ಮೈ ಹುಷಾರಿರಲಿಲ್ಲ, ಮಲಗಿಕೊಂಡೇ ಮಾತಾಡುತ್ತಿದ್ದಳು. ಇನ್ನು ನಾನು ನಡೆಯುವುದಿಲ್ಲ ಅಕ್ಕಾ, ನಿನ್ನನ್ನು ಇದರಲ್ಲೇ ನೋಡಬೇಕು ಎಂದು ಅಳುತ್ತಿದ್ದಳು. ಅಮ್ಮ ಪರದೆಗೆ ಕೈ ಚಾಚಿ ಸಮಾಧಾನ ಹೇಳುತ್ತಿದ್ದಳು. ಆಗ ಗೇಟಿನ ಚಿಲಕ ಸದ್ದಾಯಿತು.

ಬಂದವರು ಅದೇ ಚಿಂತಾಮಣಿಯ ಸಹೋದ್ಯೋಗಿ, ಜೊತೆಗೆ ರಾಜ್ಯೋತ್ಸವ ಸಮಿತಿಯವರೊಬ್ಬರು. ನನ್ನನ್ನು ಭಾಷಣಕ್ಕೆ ಕರೆಯಲು ಬಂದಿದ್ದರು. ನಾನು ಬಾಗಿಲಿಗೆ ಹೋಗುವಷ್ಟರಲ್ಲಿ ಅಮ್ಮ ಗಡಿಬಿಡಿಯಿಂದ ಮುಂದಿನ ಬ್ರೌಸರ್ ಒತ್ತಿ ಎದ್ದು ನಿಂತಿದ್ದಳು. ಪರದೆಯ ಮೇಲೆ ಕನ್ನಡ ಬಂತು, ಚಿಕ್ಕಮ್ಮನ ಮುಖ ಅದರ ಹಿಂದೆ ಮರೆಯಾಯಿತು. "ಬನ್ನಿ ಸ್ವಾಮಿ, ಕೂತ್ಕೊಳಿ" ಎಂದು ಅಮ್ಮ ಕುರ್ಚಿ ಸರಿಸಿದಳು. ಅವರು ಕುಳಿತರು. ಆಗ ಕಂಪ್ಯೂಟರಿನಿಂದ ದನಿ ಬಂತು.

"ಅಕ್ಕಾ? ಅಕ್ಕಾ, ಉನ್ನಾವಾ?"

ಇದ್ದೀಯಾ ಎಂದು ಕೇಳುತ್ತಿದ್ದಳು ಚಿಕ್ಕಮ್ಮ. ಒಂದು ಬ್ರೌಸರಿನ ಮೇಲೆ ಇನ್ನೊಂದನ್ನು ತೆರೆದರೆ ಮುಖ ಮುಚ್ಚುತ್ತದೆ, ಮಾತು ನಿಲ್ಲುವುದಿಲ್ಲ ಎಂದು ಅಮ್ಮನಿಗೆ ಯಾರೂ ಹೇಳಿರಲಿಲ್ಲ.

"ಯಾರೋ ತೆಲುಗಲ್ಲಿ ಕರೀತಾವ್ರಲ್ಲ ಸಾರ್" ಎಂದರು ಸಮಿತಿಯವರು.

ಅಮ್ಮ ನನ್ನ ಮುಖ ನೋಡಿದಳು. ಆಗ ನಾನು ಒಂದೇ ಒಂದು ಮಾತು ಆಡಬಹುದಿತ್ತು, ನಮ್ಮ ಚಿಕ್ಕಮ್ಮ ಸಾರ್ ಎಂದು. ನನ್ನ ಮುಖದಲ್ಲಿ ಅಮ್ಮನಿಗೆ ಏನು ಕಂಡಿತೋ, ಅವಳೇ ಬಾಯಿಬಿಟ್ಟಳು.

"ಯಾರೋ ಏನೋ ಸ್ವಾಮಿ. ಇದ್ರಲ್ಲಿ ಯಾರ್ಯಾರೋ ಬರ್ತಾ ಇರ್ತಾರೆ. ನಮ್ಮೋರಲ್ಲ."

"ಜಾಹೀರಾತು ಇರ್ಬೇಕು" ಎಂದೆ ನಾನು.

ಆ ಕಡೆಯ ದನಿ ನಿಂತುಹೋಯಿತು. ಚಿಕ್ಕಮ್ಮ ಹುಟ್ಟಿ ಬೆಳೆದದ್ದು ಗೌರಿಬಿದನೂರಿನ ಕಡೆಯೇ. ಶಾಲೆ ಕಲಿತದ್ದು ಕನ್ನಡದಲ್ಲಿ. ಅಮ್ಮ ಅಂದದ್ದೂ ನಾನು ಅಂದದ್ದೂ ಅವಳಿಗೆ ಒಂದಕ್ಷರ ಬಿಡದೆ ಅರ್ಥವಾಗಿರುತ್ತದೆ. ಆ ಹೊತ್ತಿನಲ್ಲಿ ಭೂಮಿ ಬಾಯಿಬಿಟ್ಟಿದ್ದರೆ ಇಳಿದುಹೋಗುತ್ತಿದ್ದೆ. ಇಳಿಯಲಿಲ್ಲ, ಕಾಫಿ ಕುಡಿದೆ. ಈ ಸಲ ಮನೆಮಾತು ಎಂಬ ವಿಷಯದ ಮೇಲೆ ಮಾತಾಡಿ ಎಂದರು ಸಮಿತಿಯವರು, ಆಗಲಿ ಎಂದೆ.

ಅವರನ್ನು ಬೀಳ್ಕೊಡಲು ಗೇಟಿನವರೆಗೆ ಹೋದೆ. ಚಿಂತಾಮಣಿಯವರ ಫೋನು ಬಡಿದುಕೊಂಡಿತು. ಎತ್ತಿ, "ವಸ್ತಾ ವಸ್ತಾ, ದಾರಿಲೋ ಉಂಡಾ" ಎಂದು, ಬರ್ತೀನಿ, ದಾರಿಯಲ್ಲಿದ್ದೀನಿ ಅಂತ, ಬೀದಿಗೆಲ್ಲ ಕೇಳುವ ಹಾಗೆ ತೆಲುಗಿನಲ್ಲಿ ಹೇಳಿ, ಫೋನನ್ನು ಜೇಬಿಗೆ ಹಾಕಿಕೊಂಡು, "ನಮ್ಮ ತಾಯಿ ಸಾರ್, ಊಟಕ್ಕೆ ಕಾಯ್ತಾವ್ರೆ" ಎಂದು ನಕ್ಕರು. ಇಷ್ಟೇ. ಇಷ್ಟು ಸಲೀಸಾದ ಮಾತಿಗೆ ನಾನು ಮನೆಯವರನ್ನೆಲ್ಲ ವರ್ಷಾನುಗಟ್ಟಲೆ ಹೆದರಿಸಿಟ್ಟಿದ್ದೆ.

ಒಳಗೆ ಬಂದಾಗ ಅಮ್ಮ ಲೋಟ ತೊಳೆಯುತ್ತಿದ್ದಳು. ನಾನು ಹಿಂದೂಪುರಕ್ಕೆ ಫೋನ್ ಮಾಡಿದೆ. ಅತ್ತೆ ಗೋಡೆ ಕಡೆ ತಿರುಗಿ ಮಲಗಿದ್ದಾರೆ, ಆಮೇಲೆ ಮಾಡಿ ಎಂದಳು ಸೊಸೆ. ಹೆಂಡತಿ ನನ್ನನ್ನು ಬಯ್ಯುತ್ತಾಳೆಂದು ಕಾದೆ. ಅವಳು, "ಸ್ವಂತ ತಂಗೀನ ನಮ್ಮೋರಲ್ಲ ಅನ್ನಿಸಿದ್ರಲ್ಲ ಅತ್ತೆ ಬಾಯಲ್ಲಿ" ಎಂದಷ್ಟೇ ಹೇಳಿ ಬಟ್ಟೆ ಒಣಗಹಾಕಲು ಮೇಲೆ ಹೋದಳು.

ಅಂದೇ ನನ್ನ ಬ್ರೌಸರನ್ನು ಫೋಲ್ಡರಿಗೆ ತಳ್ಳಿ ಅಮ್ಮನದನ್ನು ನಡುವೆ ಕೂರಿಸಿದೆ. ಮುಂದಿನ ಭಾನುವಾರ ನಾನೇ ಕುರ್ಚಿ ಹಾಕಿ ಕರೆದೆ. ಅಮ್ಮ ಕನ್ನಡಕ ಸರಿಮಾಡಿಕೊಂಡು ಪರದೆ ನೋಡಿದಳು.

"ಬೇಡಪ್ಪ. ಯಾರಾದ್ರೂ ಬಂದ್ರೆ ಚೆನ್ನಾಗಿರಲ್ಲ" ಎಂದಳು, ಕನ್ನಡದಲ್ಲಿ.

"ಎವರೂ ರಾರು ಲೇಮ್ಮಾ" ಎಂದೆ. ಯಾರೂ ಬರಲ್ಲ ಬಿಡಮ್ಮ ಎಂದು.

"ಇರ್ಲಿ ಬಿಡಪ್ಪ, ನಿನ್ ಕೆಲ್ಸ ನೋಡ್ಕೊ" ಎಂದು ಒಳಗೆ ಹೋದಳು. ಮನೆಯಲ್ಲಿ ಹೊರಗಿನವರು ಯಾರೂ ಇರಲಿಲ್ಲ. ಆದರೂ ನಾಯನಾ ಎನ್ನದೆ ಅಪ್ಪಾ ಎಂದಳು. ಬಾಯಿತಪ್ಪಿ ಬಂತೇನೋ ಎಂದುಕೊಂಡೆ.

ಸ್ವಲ್ಪ ಹೊತ್ತಾದ ಮೇಲೆ ಅಡುಗೆಮನೆಯಿಂದ ನಗು ಕೇಳಿಸಿತು. ಬಾಗಿಲು ಓರೆಮಾಡಿತ್ತು. ಅಮ್ಮ ನೆಲದ ಮೇಲೆ ಕಾಲು ಚಾಚಿ ಕುಳಿತು, ಹೆಂಡತಿಯ ಫೋನನ್ನು ಅಕ್ಕಿ ಡಬ್ಬಕ್ಕೆ ಒರಗಿಸಿಕೊಂಡಿದ್ದಳು. ಚಿಕ್ಕಮ್ಮ ದಿಂಬಿಗೊರಗಿ ಕುಳಿತಿದ್ದಳು. ಅದೇ ಬೀಸುವ ಹಾಡು, ಅದೇ ನೀನು ಮರೆತೆ ನೀನು ಮರೆತೆ. ಸದ್ಯ, ಅವರಿಬ್ಬರ ನಡುವೆ ಎಲ್ಲ ಸರಿಹೋಗಿತ್ತು. ನನಗೆ ಎಷ್ಟು ಸಂತೋಷವಾಯಿತೆಂದರೆ ಚಿಕ್ಕಮ್ಮನನ್ನು ಮಾತಾಡಿಸೋಣವೆಂದು ಬಾಗಿಲು ತಳ್ಳಿದೆ.

ಬಾಗಿಲು ಸದ್ದಾಯಿತು. ಹಾಡು ನಿಂತಿತು. ಚಿಕ್ಕಮ್ಮ ಸೆರಗು ಸರಿಮಾಡಿಕೊಂಡಳು. ಅಮ್ಮ ತಲೆಯೆತ್ತಿ, ಮನೆಗೆ ಬಂದವರನ್ನು ಕೇಳುವಷ್ಟೇ ಮರ್ಯಾದೆಯಿಂದ ಕೇಳಿದಳು.

"ಏನ್ ಬೇಕಿತ್ತಪ್ಪಾ?"

ನೀರು ಎಂದೆ. ಕನ್ನಡದಲ್ಲೇ ಎಂದೆ.