ಮುಚ್ಚಲಾಗದ ಲ್ಯಾಪ್‌ಟಾಪ್ ಹಿಡಿದು ಬೈಂದೂರಿನಿಂದ ಬ್ರಹ್ಮಾವರಕ್ಕೆ

ಹೋದ ವರ್ಷದ ದಸರಾ ರಜೆಯ ಒಂದು ಮಂಗಳವಾರ. ಬೆಳಿಗ್ಗೆ ಒಂಬತ್ತೂವರೆಗೆ ನಾನು ಬೈಂದೂರು ಬಸ್ ಸ್ಟ್ಯಾಂಡಿನಲ್ಲಿ ತೆರೆದ ಲ್ಯಾಪ್‌ಟಾಪನ್ನು ಎರಡೂ ಕೈಯಲ್ಲಿ ಆರತಿ ತಟ್ಟೆಯ ಹಾಗೆ ಹಿಡಿದು ನಿಂತಿದ್ದೆ. ನೋಡಿದವರು ಈ ಹೆಂಗಸಿಗೆ ತಲೆ ಸರಿ ಇಲ್ಲ ಎಂದುಕೊಂಡಿರಬೇಕು. ಅವರದ್ದೇನೂ ತಪ್ಪಿಲ್ಲ.

ನಾನು ಬ್ರಹ್ಮಾವರದ ಹತ್ತಿರದ ಒಂದು ಕಾಲೇಜಿನಲ್ಲಿ ಲೈಬ್ರೇರಿಯನ್. ಗಂಡನ ಮನೆ ಬೈಂದೂರು, ತವರು ಕುಂದಾಪುರದ ಕೋಡಿ. ಅಪ್ಪಯ್ಯ ನಲವತ್ತು ವರ್ಷ ಕಡಲಿಗೆ ಹೋದವರು. ಯಾವ ಗುಡ್ಡೆ ಯಾವ ತೆಂಗಿನ ತೋಪಿನ ನೇರಕ್ಕೆ ಬಂದರೆ ದೋಣಿ ಎಲ್ಲಿದೆ, ಅಲ್ಲಿ ಎಷ್ಟು ಮಾರು ನೀರು, ಯಾವ ಗಾಳಿಗೆ ಯಾವ ಮೀನು, ಎಲ್ಲ ಅವರ ಬಾಯಲ್ಲೇ ಇತ್ತು. ಎರಡು ವರ್ಷ ಭಾನುವಾರ ಭಾನುವಾರ ಹೋಗಿ ಅವರನ್ನು ಕೂರಿಸಿ ಮಾತಾಡಿಸಿ ನನ್ನ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದೆ. ಎಲ್ಲವನ್ನೂ ಒಂದು ಹಾರ್ಡ್ ಡಿಸ್ಕಿಗೆ ಹಾಕಿಟ್ಟಿದ್ದೆ. ಆಮೇಲೆ ಅವರಿಗೆ ಪಾರ್ಶ್ವವಾಯು ಬಡಿಯಿತು. ಬಲಗೈ ಹೋಯಿತು, ಮಾತು ಪೂರ್ತಿ ಹೋಯಿತು. ಇನ್ನು ಅವರ ದನಿ ಎಂದರೆ ಆ ಡಿಸ್ಕಿನಲ್ಲಿ ಇದ್ದದ್ದು ಮಾತ್ರ.

ಆ ಡಿಸ್ಕೂ ಕೆಟ್ಟಿತು. ರೆಕಾರ್ಡ್ ಮಾಡಿದ್ದ ಹಳೇ ಮೊಬೈಲ್ ಯಾವತ್ತೋ ನೀರಿಗೆ ಬಿದ್ದು ಹೋಗಿತ್ತು. ಇನ್ನೊಂದು ಕಾಪಿ ಇಟ್ಟುಕೊಂಡಿರಲಿಲ್ಲವೇ ಎಂದು ದಯವಿಟ್ಟು ಕೇಳಬೇಡಿ. ಕೇಳಿದವರಿಗೆಲ್ಲ ಉತ್ತರ ಕೊಟ್ಟು ನನಗೆ ಸಾಕಾಗಿದೆ.

ನಮ್ಮ ಕಾಲೇಜಿನ ಕಂಪ್ಯೂಟರ್ ಲೆಕ್ಚರರ್ ವೀಣಾ ಮೇಡಂ ಅದನ್ನು ಲ್ಯಾಬಿನ ಒಂದು ಮಶೀನಿಗೆ ಜೋಡಿಸಿಕೊಟ್ಟರು. "ಹಾಳಾದ ಡಿಸ್ಕಿನಿಂದ ಚೂರು ಚೂರೇ ಓದಿ ಕಾಪಿ ಮಾಡುವ ಪ್ರೋಗ್ರಾಂ ಇದೆ. ಒಂದು ದಿನಕ್ಕಿಂತ ಹೆಚ್ಚು ಬೇಕಾಗಬಹುದು. ಆದರೆ ಶುರು ಮಾಡಿದ ಮೇಲೆ ನಿಲ್ಲಬಾರದು. ಈ ಡಿಸ್ಕ್ ಒಮ್ಮೆ ತಿರುಗುವುದು ನಿಲ್ಲಿಸಿದರೆ ಮತ್ತೆ ತಿರುಗುತ್ತೆ ಅನ್ನೋ ಭರವಸೆ ನನಗಿಲ್ಲ. ಲ್ಯಾಬಿನಲ್ಲೇ ಕೂತು ಶುರು ಮಾಡಿ," ಎಂದರು. ಕಾಗದದಲ್ಲಿ ನಾಲ್ಕು ಸಾಲು ಬರೆದು, ಲ್ಯಾಬಿನ ಕೀ ಕೊಟ್ಟು, ರಜೆಗೆ ಊರಿಗೆ ಹೊರಟರು. ಕಾಗದದ ಕೆಳಗೆ ಇನ್ನೊಂದು ಮಾತೂ ಇತ್ತು: ಪರದೆಯ ಮೇಲಿನ ಈ ಕಿಟಕಿ ಮುಚ್ಚಿದರೆ ಕೆಲಸವೂ ಸಾಯುತ್ತದೆ.

ನಾಲ್ಕು ಸಾಲು ಟೈಪ್ ಮಾಡಲು ಐವತ್ತು ಕಿಲೋಮೀಟರ್ ಯಾರು ಹೋಗುತ್ತಾರೆ? ಲೈಬ್ರರಿ ಕೆಲಸಕ್ಕೆಂದು ಮನೆಯಿಂದಲೇ ಕಾಲೇಜಿನ ಮಶೀನಿಗೆ ಲಾಗಿನ್ ಆಗುವುದು ನನಗೆ ಗೊತ್ತಿತ್ತು. ಜಾಣತನ ತೋರಿಸಿದೆ. ಬೆಳಿಗ್ಗೆ ಆರಕ್ಕೆ ಮನೆಯ ಲ್ಯಾಪ್‌ಟಾಪನ್ನು ಮೊಬೈಲಿನ ಇಂಟರ್ನೆಟ್ಟಿಗೆ ಜೋಡಿಸಿ, ಆ ಕಪ್ಪು ಪರದೆ, ಅದೇ ಟರ್ಮಿನಲ್, ತೆರೆದು ನಾಲ್ಕು ಸಾಲು ಹೊಡೆದು ಎಂಟರ್ ಒತ್ತಿದೆ. ದೂರದ ಲ್ಯಾಬಿನಲ್ಲಿ ಕೆಲಸ ಶುರುವಾಯಿತು. ನಾನು ನೀರುದೋಸೆ ಹೊಯ್ಯಲು ಹೋದೆ.

ಒಂಬತ್ತಕ್ಕೆ ಸರಿಯಾಗಿ ಕರೆಂಟ್ ಹೋಯಿತು. ಮಂಗಳವಾರ! ನಮ್ಮ ಕಡೆ ವಾರವಾರ ಅವತ್ತೇ ಲೈನ್ ರಿಪೇರಿ ಕೆಲಸ, ಇನ್ನು ಸಂಜೆಯವರೆಗೆ ಕರೆಂಟ್ ಇಲ್ಲ. ಈ ಸೀಮೆಯಲ್ಲೇ ಹುಟ್ಟಿ ಬೆಳೆದು ಮಂಗಳವಾರವನ್ನು ಮರೆತೆನಲ್ಲ! ಕಾಲೇಜಿನ ಲ್ಯಾಬಿಗೆ ಜನರೇಟರ್ ಇದೆ, ಅಲ್ಲಿ ತೊಂದರೆ ಇಲ್ಲ. ನನ್ನ ಹಳೇ ಲ್ಯಾಪ್‌ಟಾಪಿನ ಬ್ಯಾಟರಿ ಮಾತ್ರ ಒಂದೂವರೆ ಗಂಟೆಯದ್ದು. ಅದು ಸತ್ತರೆ ಕಿಟಕಿ ಮುಚ್ಚುತ್ತದೆ, ಕೆಲಸ ಸಾಯುತ್ತದೆ, ಡಿಸ್ಕ್ ನಿಲ್ಲುತ್ತದೆ. ವೀಣಾ ಮೇಡಂಗೆ ಹತ್ತು ಸಲ ಫೋನ್ ಹಚ್ಚಿದೆ, ಸ್ವಿಚ್ ಆಫ್. ಈಗ ಯೋಚಿಸಿದರೆ ಜನರೇಟರ್ ಇರುವ ಯಾವುದಾದರೂ ಹೋಟೆಲಿಗೆ ನುಗ್ಗಿ ಚಾರ್ಜಿಗೆ ಹಾಕಬಹುದಿತ್ತು. ಆಗ ತಲೆ ಓಡಲಿಲ್ಲ. ಇಂಟರ್ನೆಟ್ ಮೊಬೈಲಿನದ್ದೇ ಆದ್ದರಿಂದ ಅದಿನ್ನೂ ಕಡಿದಿರಲಿಲ್ಲ; ತೆರೆದ ಲ್ಯಾಪ್‌ಟಾಪ್ ಎತ್ತಿಕೊಂಡು ಬಸ್ಸಿಗೆ ಓಡಿದೆ. ಹೇಗಾದರೂ ಕಾಲೇಜು ಮುಟ್ಟಿ ಪ್ಲಗ್ಗಿಗೆ ಸಿಕ್ಕಿಸಬೇಕು ಎಂಬುದೊಂದೇ ಯೋಚನೆ.

ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಬ್ಯಾಟರಿ ನಲವತ್ತೊಂದು. ಕಂಡಕ್ಟರ್ ಬಂದವನೇ, "ಹ್ವಾಯ್ ಅಕ್ಕಾ, ಅದನ್ನ್ ಮುಚ್ಚಿ ಕೂಕಣಿ ಮಾರಾಯ್ರೆ, ಬಿದ್ದ್ ಹೋತ್ತ್," ಎಂದ.

"ಮುಚ್ಚುಕಾತ್ತಿಲ್ಲೆ."

"ಎಂತಕೆ?"

"ಮುಚ್ಚಿರೆ ಸಾಯತ್ತ್."

"ಅದ್ರಂಗೆ ಜೀವ ಇತ್ತಾ?"

"ಇತ್ತ್," ಎಂದೆ. ಅವನು ಟಿಕೆಟ್ ಹರಿದು ಕೊಟ್ಟು, ನನ್ನ ಮುಖವನ್ನು ಇನ್ನೊಮ್ಮೆ ನೋಡಿ, ಮುಂದಿನ ಸೀಟಿಗೆ ಹೋದ.

ಮರವಂತೆಯಲ್ಲಿ ಎಲ್ಲರೂ ಕಡಲು ನೋಡುತ್ತಿದ್ದರೆ ನಾನು ಮೊಬೈಲಿನ ಸಿಗ್ನಲ್ ಕಡ್ಡಿ ನೋಡುತ್ತಿದ್ದೆ. ಒಂದು ಕಡ್ಡಿಗೆ ಇಳಿಯಿತು, ಅದೂ ಹೋಯಿತು, ಮತ್ತೆ ಬಂತು. ಆ ಒಂದು ನಿಮಿಷದಲ್ಲಿ ನಾನು ಹೇಳದ ಹರಕೆ ಇಲ್ಲ. ಪರದೆಯ ಬೆಳಕು ಕಡಿಮೆ ಮಾಡಿದೆ, ಆದರೂ ಬ್ಯಾಟರಿ ಇಳಿಯುತ್ತಲೇ ಇತ್ತು. ಕುಂದಾಪುರ ಮುಟ್ಟಿದಾಗ ಹದಿನಾಲ್ಕು. ಅಲ್ಲಿ ಬಸ್ಸು ಹತ್ತು ನಿಮಿಷ ನಿಂತಿತು. ಇನ್ನೂ ಇಪ್ಪತ್ತು ಕಿಲೋಮೀಟರಿಗಿಂತ ಹೆಚ್ಚು ದಾರಿ. ಮುಟ್ಟುವುದಿಲ್ಲ ಎಂದು ಖಾತ್ರಿಯಾಯಿತು. ಯಾರಾದರೂ ನೋಡಲಿ, ನೋಡದೇ ಇರಲಿ, ನಾನು ಅತ್ತುಬಿಟ್ಟೆ.

ಅಷ್ಟರಲ್ಲಿ ಪಕ್ಕದಲ್ಲಿ ಒಬ್ಬರು ಬಂದು ಕುಳಿತರು. ಎಪ್ಪತ್ತು ದಾಟಿದವರು. ಬಿಳಿ ಪಂಚೆ, ಹೆಗಲಿಗೆ ಶಾಲು, ಕೈಚೀಲದಲ್ಲಿ ಬಾಳೆಲೆ ಕಟ್ಟು. ಯಾವುದೋ ದೇವಸ್ಥಾನದ ಭಟ್ಟರು ಎಂದುಕೊಂಡೆ. ಬಸ್ಸು ಹೊರಟಿತು. ಅವರು ಪರದೆ ನೋಡಿದರು, ನನ್ನ ಕಣ್ಣು ನೋಡಿದರು, ಮತ್ತೆ ಪರದೆ ನೋಡಿದರು.

"ಎಂತ ಮಾರಾಯ್ರೆ, ಯುನಿಕ್ಸಾ?"

ಆ ಮಶೀನಿನ ಜಾತಿಯ ಹೆಸರು ನನಗೇ ಸರಿಯಾಗಿ ಗೊತ್ತಿರಲಿಲ್ಲ. ಒಂದೇ ಉಸಿರಿಗೆ ಎಲ್ಲ ಹೇಳಿದೆ: ಅಪ್ಪಯ್ಯ, ಡಿಸ್ಕ್, ಮಂಗಳವಾರ, ಬ್ಯಾಟರಿ. ಅವರು ತಲೆ ಅಲ್ಲಾಡಿಸುತ್ತಾ ಕೇಳಿ, ಒಂದೇ ಪ್ರಶ್ನೆ ಹಾಕಿದರು. "ಅದ್ ಬರಿಯು ಮಾತೆಲ್ಲ ಎಲ್ಲಿಗ್ ಹೋತ್ತ್? ಪರದೆಗಾ, ಫೈಲಿಗಾ?"

ಮೇಡಂ ಬರೆದಿದ್ದ ಕಾಗದ ಕೊಟ್ಟೆ. ಮೂಗಿನ ಹತ್ತಿರ ಹಿಡಿದು ಓದಿದರು. "ಫೈಲಿಗೇ ಬರಿಯುಕ್ ಹೇಳಿರ್ ನಿಮ್ಮ್ ಮೇಡಂ. ಹಾಂಗಾರೆ ಬಚಾವ್, ಪರದೆ ಹೋದ್ರೂ ಅಡ್ಡಿಲ್ಲೆ. ಈಗ ಕಂಟ್ರೋಲ್ ಒತ್ತಿ ಹಿಡ್ಕಣಿ, ಝಡ್ ಒತ್ತಿ."

"ಒತ್ತಿರೆ ಎಂತ ಆತ್ತ್?"

"ಕೆಲ್ಸ ನಿಲ್ಲತ್ತ್."

"ನಿಲ್ಲುಕೇ ಆಗ ಅಂದೆ ಅಲ್ದಾ ನಾನ್!" ಎಂದು ಕೂಗಿಯೇಬಿಟ್ಟೆ. ಮುಂದಿನ ಸೀಟಿನವರೆಲ್ಲ ತಿರುಗಿದರು. ಅವರಿಗೆ ಸಿಟ್ಟೇ ಬರಲಿಲ್ಲ.

"ನಿಲ್ಲುದ್ ಬೇರೆ, ಸಾವ್ದ್ ಬೇರೆ. ಒಂದ್ ಗಳ್ಗಿ ನಿಲ್ಸಿ, ಪರದೆ ಹಿಂದಿನ್ ಬದಿಯಂಗೆ ಮತ್ತೆ ನಡ್ಸುದ್. ಡಿಸ್ಕಿಗೆ ಗೊತ್ತೂ ಆತ್ತಿಲ್ಲೆ. ಹೆದರ್ಬೇಡಿ."

ಬ್ಯಾಟರಿ ಆರು. ಗುರುತು ಪರಿಚಯ ಇಲ್ಲದ, ಬಾಳೆಲೆ ಹಿಡಿದ ಒಬ್ಬ ಅಜ್ಜನ ಮಾತು ಕೇಳಿ ಅಪ್ಪಯ್ಯನ ದನಿಯನ್ನು ನಾನೇ ಕೈಯಾರೆ ನಿಲ್ಲಿಸಬೇಕು. ಕೇಳದಿದ್ದರೆ ತೆಕ್ಕಟ್ಟೆ ದಾಟುವುದರೊಳಗೆ ಅದು ತಾನೇ ಸಾಯುತ್ತದೆ. ಕಣ್ಣು ಮುಚ್ಚಿ ಒತ್ತಿದೆ. ನಿಂತಿತು ಎಂದು ಪರದೆಯ ಮೇಲೆ ಬಂತು.

"ಇತ್ಲಾಯಿ ಕೊಡಿ," ಎಂದು ಅವರು ಲ್ಯಾಪ್‌ಟಾಪನ್ನು ತಮ್ಮ ತೊಡೆಗೆ ಎಳೆದುಕೊಂಡರು. ಆ ಬೆರಳುಗಳನ್ನು ನೀವು ನೋಡಬೇಕಿತ್ತು! ಕೀಲಿಗಳ ಕಡೆ ಕಣ್ಣನ್ನೇ ಹಾಯಿಸಲಿಲ್ಲ. ಬಿ, ಜಿ, ಎಂಟರ್. ಕೆಲಸ ಪರದೆಯ ಹಿಂದೆ ಮತ್ತೆ ಓಡತೊಡಗಿತು ಎಂದರು. ಆಮೇಲೆ ಡಿಸ್‌ಓನ್, ಅಂದರೆ ಇದು ನನ್ನದಲ್ಲ ಎಂದು ಕೈಬಿಡುವ ಇನ್ನೊಂದು ಪದ, ಎಂಟರ್. ಪರದೆಯಲ್ಲಿ ಏನೂ ಬರಲಿಲ್ಲ.

"ಎಂತದೂ ಆಯ್ಲಿಲ್ಯಲ್ಲ?"

"ಈ ಮಶೀನ್ ಸುಮ್ಮನಿತ್ತ್ ಅಂದ್ರೆ ಹೇಳಿದ್ ಕೆಲ್ಸ ಆಯ್ತ್ ಅಂದೇ ಅರ್ಥ," ಎಂದು ನಕ್ಕರು. ಮತ್ತೆ ತಾವಾಗಿಯೇ ಹೇಳಿದರು. "ನಾನ್ ಮೂವತ್ತೊರ್ಷ ಮುಂಬೈಯಂಗೆ ಒಂದ್ ಆಫೀಸಿನ ಮಶೀನ್ ರೂಮಂಗೆ ಇದ್ದೆ. ಆಗ ಟೆಲಿಫೋನ್ ಲೈನಿಂದ ಬೇರೆ ಊರಿನ ಮಶೀನ್ ನಡ್ಸುದ್. ಮಳ್ಗಾಲ್ದಂಗೆ ಲೈನ್ ಕಟ್ ಆತಿತ್ತ್. ಲೈನ್ ಹೋದ್ ಕೂಡ್ಲೆ, ನಿಮ್ಮ್ ಯಜಮಾನ ಫೋನ್ ಇಟ್ಟ ಅಂತ ಮಶೀನ್ ಎಲ್ಲಾ ಕೆಲ್ಸಕ್ಕೂ ಸುದ್ದಿ ಮುಟ್ಸುದ್. ಸುದ್ದಿ ಕೇಂಡದ್ದೇ ಎಲ್ಲಾ ಸಾವ್ದ್. ಈಗ ನಾವ್ ಮಾಡಿದ್ ಇಷ್ಟೇ, ಇದಕ್ಕೆ ಆ ಸುದ್ದಿ ಮುಟ್ಟದಂಗೆ ಮಾಡಿದ್. ಇನ್ನ್ ಮುಚ್ಚಿ."

ಮುಚ್ಚಲು ನನ್ನ ಕೈ ಏಳಲಿಲ್ಲ. ಬ್ಯಾಟರಿ ಮೂರು. ಎರಡು.

"ಮುಚ್ಚ್ ಮಗಾ," ಎಂದರು ಮೆಲ್ಲಗೆ.

ಮುಚ್ಚಿದೆ. ಸಾಲಿಗ್ರಾಮದಲ್ಲಿ ಅವರು ಬಾಳೆಲೆ ಕಟ್ಟು ಎತ್ತಿಕೊಂಡು ಇಳಿದರು. ಬಸ್ಸು ಹೊರಟ ಮೇಲೆ ನೆನಪಾಯಿತು, ಹೆಸರು ಕೇಳಲಿಲ್ಲ. ಕೈ ಮುಗಿದೆನೋ ಇಲ್ಲವೋ, ಅದೂ ನೆನಪಿಲ್ಲ. ಆಮೇಲೆ ಎರಡು ಸಲ ಸಾಲಿಗ್ರಾಮದಲ್ಲಿ ಇಳಿದು ವಿಚಾರಿಸಿದೆ. "ಮುಂಬೈಯಂಗೆ ಇದ್ದೋರ್ ಇಲ್ಲಿ ಮನೆಗೊಬ್ರ್ ಇದ್ರ್," ಎಂದರು.

ಬ್ರಹ್ಮಾವರದಲ್ಲಿ ಇಳಿದು ರಿಕ್ಷಾ ಹಿಡಿದು ಕಾಲೇಜಿಗೆ ಹೋಗಿ ಲ್ಯಾಬಿನ ಬೀಗ ತೆಗೆದೆ. ಒಳಗೆ ಕತ್ತಲೆ, ಮಾನಿಟರುಗಳೆಲ್ಲ ಆರಿದ್ದವು. ಡಿಸ್ಕಿನ ಮೇಲೆ ಕೈ ಇಟ್ಟೆ. ಬೆಚ್ಚಗಿತ್ತು. ಸಣ್ಣಗೆ ತಿರುಗುತ್ತಿತ್ತು.

ಅಲ್ಲೇ ಕುಳಿತು ಮೇಡಂ ಬರೆದ ಕೊನೆಯ ಸಾಲನ್ನು ಹೊಡೆದೆ. ನಡೆಯುತ್ತಿರುವ ಕೆಲಸಗಳ ಪಟ್ಟಿ ಅದು. ಯಾವ ಕೆಲಸ, ಎಷ್ಟು ಹೊತ್ತಿನಿಂದ, ಯಾವ ಟರ್ಮಿನಲ್ಲಿನಿಂದ ಎಂದೆಲ್ಲ ತೋರಿಸುತ್ತದೆ. ಬೆಳಿಗ್ಗೆ ಮನೆಯಲ್ಲಿ ಇನ್ನೊಂದು ಕಿಟಕಿ ತೆರೆದು ನೋಡಿದಾಗ ನನ್ನ ಕೆಲಸದ ಮುಂದೆ ಟರ್ಮಿನಲ್ಲಿನ ಹೆಸರಿತ್ತು. ಈಗ ಅದೇ ಜಾಗದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ! ಇದು ಯಾರ ಪರದೆಗೂ ಸೇರಿದ್ದಲ್ಲ. ನೋಡುವವರಿಲ್ಲ, ಕೇಳುವವರಿಲ್ಲ, ಹೇಳಿ ಕಳಿಸಿದವಳು ದಾರಿಯಲ್ಲೇ ಲೈನ್ ಕಡಿದುಕೊಂಡಿದ್ದಾಳೆ. ಆದರೂ ಆ ಕತ್ತಲೆ ಕೋಣೆಯಲ್ಲಿ ಅದು ತನ್ನಷ್ಟಕ್ಕೆ ಚೂರು ಚೂರೇ ಓದಿ ಬರೆಯುತ್ತಾ ಕೂತಿತ್ತು. ಗರ್ಭಗುಡಿಯ ಎದುರು ನಿಂತಾಗಲೂ ನನಗೆ ಅಷ್ಟು ಭಯಭಕ್ತಿ ಬಂದದ್ದಿಲ್ಲ, ಸುಳ್ಳು ಯಾಕೆ ಹೇಳಲಿ.

ಮರುದಿನ ಮಧ್ಯಾಹ್ನಕ್ಕೆ ಕಾಪಿ ಮುಗಿಯಿತು. ಮೂರು ನಾಲ್ಕು ಭಾನುವಾರಗಳು ಹೋಗಿದ್ದವು, ಉಳಿದದ್ದೆಲ್ಲ ಸಿಕ್ಕಿತು. ಈ ಸಲ ಮೂರು ಕಡೆ ಕಾಪಿ ಇಟ್ಟಿದ್ದೇನೆ.

ಆ ವಾರದ ಕೊನೆಗೆ ಕೋಡಿಗೆ ಹೋದೆ. ಅಪ್ಪಯ್ಯ ಜಗಲಿಯಲ್ಲಿ ಕುರ್ಚಿಯ ಮೇಲಿದ್ದರು. ಈಗಲೂ ಕಡಲಿಗೆ ಹೋಗುವ ನನ್ನ ಅಣ್ಣ ಪಕ್ಕದಲ್ಲಿ ಬಲೆ ಸರಿ ಮಾಡುತ್ತಿದ್ದ. ನಾನು ಮೊಬೈಲ್ ಮೇಲೆತ್ತಿ, "ಅಪ್ಪಯ್ಯಾ, ಇದ್ ಯಾರ್ ಹೇಳಿ ಕಾಂಬ?" ಎಂದು ಮಕ್ಕಳ ಹತ್ತಿರ ಕೇಳುವ ಹಾಗೆ ಕೇಳಿ, ರೆಕಾರ್ಡಿಂಗ್ ಹಾಕಿದೆ. ಅವರ ಮಾತು ಹೋದಂದಿನಿಂದ, ಎರಡು ವರ್ಷ, ನಾವೆಲ್ಲ ಅವರ ಹತ್ತಿರ ಹಾಗೆಯೇ ಮಾತಾಡುತ್ತಿದ್ದದ್ದು.

ಅವರ ದನಿ ಜಗಲಿ ತುಂಬಿತು. ಲೈಟ್‌ಹೌಸ್ ಯಾವ ಗುಡ್ಡೆಯ ನೇರಕ್ಕೆ ಬರಬೇಕು, ಅಲ್ಲಿ ಲಂಗರು ಹೇಗೆ ಬಿಡಬೇಕು ಎಂದು ಹೇಳುತ್ತಾ, "ಅಲ್ಲಿ ಎಂಟ್ ಮಾರ್ ನೀರ್," ಎಂದಿತು. ಅಪ್ಪಯ್ಯನ ಎಡಗೈ ಎದ್ದಿತು. ಅಲ್ಲ ಅಲ್ಲ ಎಂಬಂತೆ ಜೋರಾಗಿ ಬೀಸಿದರು. ಸುಸ್ತಾಯಿತೇನೋ ಎಂದು ನಿಲ್ಲಿಸಿದೆ. ಅವರು ನನ್ನನ್ನು ಬಿಡದೆ ದಿಟ್ಟಿಸಿ ಐದು ಬೆರಳು ತೋರಿಸಿದರು. ಕೈ ಮುಚ್ಚಿ, ಮತ್ತೆ ತೆರೆದು ನಾಲ್ಕು ತೋರಿಸಿದರು.

"ಒಂಬತ್ತಾ ಅಪ್ಪಯ್ಯಾ?"

ಹೌದೆಂದು ತಲೆ ಆಡಿಸಿದರು.

ಅಣ್ಣ ಬಲೆ ಕೆಳಗಿಟ್ಟ. "ಒಂಬತ್ತೇ ಹೌದ್," ಎಂದ, "ಎಂಟಲ್ಲ."

ತಮ್ಮದೇ ಮಾತಿನಲ್ಲಿ ಬಿದ್ದ ತಪ್ಪನ್ನು ಅವರು ತಿದ್ದಿದ್ದರು. ಅಂದರೆ ಇಷ್ಟು ದಿನ ಒಳಗೆ ಎಲ್ಲವೂ ನಡೆಯುತ್ತಲೇ ಇತ್ತು. ಕಾಣದ್ದು ನಮಗೆ ಮಾತ್ರ. ನಾನು ಮೊಬೈಲ್ ಕೆಳಗಿಟ್ಟು, ಅವರ ಎದುರು ನೆಲದ ಮೇಲೆ ಕುಳಿತು, ಮೊದಲಿನ ಹಾಗೆ, ದೊಡ್ಡವರ ಹತ್ತಿರ ಆಡುವ ಮಾತಿನಲ್ಲೇ ಕೇಳಿದೆ, "ಅಪ್ಪಯ್ಯಾ, ಮತ್ತೆ ಎಲ್ಲೆಲ್ಲಿ ತಪ್ಪಿತ್ತ್?"